ಗೀಸರ್ ಕೆಟ್ಟರೆ ಬಿಡಿಭಾಗ ನೋಡಿ, ಒಲೆ ಕೆಟ್ಟರೆ ಹಂಡೆ ನೋಡಿ

ತೊಗರ್ಸಿ ಕಡೆಯ ಮನೆಗಳಲ್ಲಿ ಈಗ ಬಿಸಿನೀರಿಗೆ ಒಂದಕ್ಕಿಂತ ಹೆಚ್ಚು ದಾರಿ. ಹಿತ್ತಿಲ ಬದಿಯ ಬಚ್ಚಲಲ್ಲಿ ತಾಮ್ರದ ಹಂಡೆ ಹೂಡಿದ ಒಲೆ, ಟೈಲ್ಸ್ ಹಾಕಿಸಿದ ಹೊಸ ಬಾತ್‌ರೂಮಿನಲ್ಲಿ ಗೀಸರ್, ಕೆಲವರ ತಾರಸಿಯ ಮೇಲೆ ಸೋಲಾರ್. ನಮ್ಮ ಮನೆಯಲ್ಲಿ ಹಂಡೆಯೂ ಇದೆ, ಗೀಸರೂ ಇದೆ. ಎರಡಕ್ಕೂ ರಿಪೇರಿಯ ದುಡ್ಡು ಸುರಿದಿದ್ದೇನೆ. ಸುರಿದ ಮೇಲೆ ಗಟ್ಟಿಯಾದ ಮಾತು ಇಷ್ಟು: ಗೀಸರಿನಲ್ಲಿ ಬಿಡಿಭಾಗ ಹೋದರೆ ರಿಪೇರಿ ಮಾಡಿಸಬೇಕು, ಟ್ಯಾಂಕ್ ಹೋದರೆ ಹೊಸದು ತರಬೇಕು. ಹಂಡೆಯ ಲೆಕ್ಕ ಇದರ ತಿರುಗುಮುರುಗು. ಅಲ್ಲಿ ಕೆಡುವುದು ಮಣ್ಣಿನ ಒಲೆ, ಉಳಿಯುವುದು ತಾಮ್ರ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ವೋಲ್ಟೇಜ್ ನೋಡಿ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಹಳ್ಳಿ ಲೈನಿನಲ್ಲಿ ಕರೆಂಟು ಕುಗ್ಗುವುದು ನಮಗೆ ಹೊಸದಲ್ಲ. 230 ವೋಲ್ಟ್‌ಗೆ 2,000 ವಾಟ್ ಎಳೆಯುವ ಗೀಸರ್ 180 ವೋಲ್ಟ್‌ನಲ್ಲಿ ಸುಮಾರು 1,225 ವಾಟ್ ಮಾತ್ರ ಎಳೆಯುತ್ತದೆ. ಹದಿನೈದು ನಿಮಿಷಕ್ಕೆ ಕಾಯುತ್ತಿದ್ದ ನೀರಿಗೆ ಇಪ್ಪತ್ತೈದು ನಿಮಿಷ ಬೇಕಾಗುತ್ತದೆ. ಗೀಸರ್ ಸರಿಯಾಗಿಯೇ ಇರುತ್ತದೆ. ಆದರೆ ಶಿರಾಳಕೊಪ್ಪದಿಂದಲೋ ಶಿಕಾರಿಪುರದಿಂದಲೋ ಬಂದ ಮೆಕ್ಯಾನಿಕ್‌ಗೆ ಬಂದುಹೋಗುವ ಚಾರ್ಜ್ ಕೊಡದೆ ಆಗುವುದಿಲ್ಲ. ಕಂಪನಿಯ ಸರ್ವಿಸ್‌ನವರು ಶಿವಮೊಗ್ಗದಿಂದ ಬರಬೇಕಾದರಂತೂ ದೂರಕ್ಕೆ ತಕ್ಕ ದರ.

ಇನ್ನು ನಿಜವಾಗಿಯೂ ಕೆಟ್ಟಿದ್ದರೆ ಏನು ಕೆಟ್ಟಿದೆ ಎಂದು ಬಾಯಿಬಿಟ್ಟು ಕೇಳಬೇಕು. ಗೀಸರಿನ ಒಳಗೆ ಕೆಡುವಂಥವು ನಾಲ್ಕೈದೇ: ನೀರು ಕಾಯಿಸುವ ಎಲಿಮೆಂಟ್, ಬಿಸಿಯ ಮಟ್ಟ ನೋಡಿಕೊಳ್ಳುವ ಥರ್ಮೋಸ್ಟಾಟ್, ಅತಿಯಾಗಿ ಕಾದರೆ ಕರೆಂಟು ಕಡಿಯುವ ಕಟ್‌ಔಟ್, ಹೆಚ್ಚಾದ ಒತ್ತಡ ಬಿಡುವ ವಾಲ್ವ್, ಮತ್ತೆ ವಾಶರ್‌ಗಳು. ಇವು ಯಾವುವೂ ಸಾವಿರಾರು ರೂಪಾಯಿಯ ಸಾಮಾನಲ್ಲ. ನಾನು ಕಳೆದ ಸಲ ಎಲಿಮೆಂಟಿಗೆ 750 ರೂಪಾಯಿ, ಬಂದುಹೋಗಿದ್ದಕ್ಕೂ ಕೂಲಿಗೂ ಸೇರಿಸಿ 500 ಕೊಟ್ಟೆ. ಆ ದಿನ ಬಂದವನು ಮೊದಲು ಹೇಳಿದ್ದು, 'ಇದಕ್ಕೆ ಯಾಕೆ ದುಡ್ಡು ಹಾಕ್ತೀರಿ ಸರ್, ಹೊಸದು ಹಾಕಿಸಿಬಿಡಿ' ಎಂದು. 'ಟ್ಯಾಂಕ್ ಸೋರ್ತಿದೆಯೇನಪ್ಪ?' ಎಂದು ಕೇಳಿದೆ. ಸೋರುತ್ತಿರಲಿಲ್ಲ. ಮಾತು ಅಲ್ಲಿಗೇ ಮುಗಿಯಿತು.

ಎಲಿಮೆಂಟ್ ಪದೇಪದೇ ಸುಡುತ್ತಿದ್ದರೆ ತಪ್ಪು ನೀರಿನದು. ಬೋರಿನ ಗಡಸು ನೀರು ಕಾದಾಗ ಸುಣ್ಣದಂಶ ಎಲಿಮೆಂಟಿನ ಮೈಗೆ ಬಿಳಿ ಪೊರೆಯಾಗಿ ಕಟ್ಟುತ್ತದೆ. ಒಳಗಿನ ಬಿಸಿ ನೀರಿಗೆ ಇಳಿಯಲಾರದೆ ಎಲಿಮೆಂಟ್ ತನ್ನ ಕಾವಿಗೆ ತಾನೇ ಸುಟ್ಟುಹೋಗುತ್ತದೆ. ಚಳಿ ಶುರುವಾಗುವ ಮೊದಲು ವರ್ಷಕ್ಕೊಮ್ಮೆ ಬಿಚ್ಚಿ ಪೊರೆ ತೆಗೆಸಿದರೆ ಆ ಖರ್ಚು ತಪ್ಪುತ್ತದೆ. ಬಿಚ್ಚಿದಾಗ ಆನೋಡ್ ಎಂಬ ಮೆಗ್ನೀಸಿಯಮ್ ಕಡ್ಡಿಯನ್ನೂ ತೋರಿಸಲು ಹೇಳಿ. ಟ್ಯಾಂಕಿಗೆ ಹಿಡಿಯಬೇಕಾದ ತುಕ್ಕಿಗೆ ಅದು ತಾನು ಬಲಿಯಾಗುತ್ತದೆ. ಕಡ್ಡಿ ಸವೆದು ತಂತಿಯಷ್ಟೇ ಉಳಿದಿದ್ದರೆ ಮುಂದಿನ ಸರದಿ ಟ್ಯಾಂಕಿನದು. ಕೆಲವು ನೂರು ರೂಪಾಯಿಯ ಕಡ್ಡಿ ಉಳಿಸಲು ಹೋಗಿ ಆರೇಳು ಸಾವಿರದ ಗೀಸರ್ ಕಳೆದುಕೊಳ್ಳಬಾರದು.

ಅಮೆರಿಕದ ಚಳಿಯ ಊರುಗಳಲ್ಲಿರುವ ನಮ್ಮವರಿಗೆ ಇದೇ ಪ್ರಶ್ನೆ ದೊಡ್ಡ ಗಾತ್ರದಲ್ಲಿ ಎದುರಾಗುತ್ತದೆ. ಅಲ್ಲಿ ಇಡೀ ಮನೆ ಬೆಚ್ಚಗಿಡುವುದು ನೆಲಮಾಳಿಗೆಯ ಫರ್ನೇಸ್. ಅದರ ಆಯುಷ್ಯ ಸಾಮಾನ್ಯವಾಗಿ 15ರಿಂದ 20 ವರ್ಷ. ರಿಪೇರಿಯ ಅಂದಾಜು ಹೊಸದರ ಬೆಲೆಯ ಅರ್ಧ ಮುಟ್ಟಿತು, ಯಂತ್ರಕ್ಕೂ ವಯಸ್ಸಾಯಿತು ಎಂದರೆ ಬದಲಿಸು ಎಂಬುದು ಅವರ ರೂಢಿ. ಈ ಅರ್ಧದ ಲೆಕ್ಕ ನಮ್ಮ ಗೀಸರಿಗೂ ಒಪ್ಪುತ್ತದೆ. ಏಳು ಸಾವಿರದ ಗೀಸರಿಗೆ ಮೂರೂವರೆ ಸಾವಿರದ ರಿಪೇರಿ ಬೇಡ.

ಬಚ್ಚಲೊಲೆಯ ವಿಷಯಕ್ಕೆ ಬರೋಣ. ಒಲೆ ಬಿರುಕು ಬಿಟ್ಟಿದೆ, ಹೊಗೆ ಒಳಗೇ ತುಂಬುತ್ತಿದೆ ಎಂದ ಕೂಡಲೇ ಗಾರೆ ಕೆಲಸದವರು ಸಿಮೆಂಟ್ ಕಲಸಲು ಹೊರಡುತ್ತಾರೆ. ಬೆಂಕಿಯ ಬಾಯಿಗೆ ಸಿಮೆಂಟ್ ಬಾಳುವುದಿಲ್ಲ, ಕಾವಿಗೆ ಬಿರಿದು ಉದುರುತ್ತದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ ಕೊಳೆಹಾಕಿ ಮೆತ್ತಿದ್ದು ಹೆಚ್ಚು ಕಾಲ ನಿಲ್ಲುತ್ತದೆ. ಸಾಮಾನಿಗೆ ಖರ್ಚಿಲ್ಲ, ಕೂಲಿ ಮಾತ್ರ. ಕಟ್ಟುವಾಗಲೇ ಕಬ್ಬಿಣದ ಜಾಲರಿಯ ಮೇಲೆ ಉರಿ ಕೂರುವಂತೆ ಮಾಡಿ, ಹೊಗೆ ಕೊಳವೆ ಇಡಿಸಿ. ಕೆಳಗಿನಿಂದ ಗಾಳಿ ಬಂದರೆ ಸೌದೆ ಕಡಿಮೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಕಟ್ಟಿದ ಅಸ್ತ್ರ ಕೇಂದ್ರ 'ಅಸ್ತ್ರ ಒಲೆ'ಯ ಮೂಲಕ ಹಳ್ಳಿಗಳಿಗೆ ತಲುಪಿಸಿದ್ದೂ ಇಂಥದೇ ವಿವೇಕ. ತಗಡಿನ ಕೊಳವೆ ಮಳೆಗೆ ಕೊಳೆಯುವುದು ಹೆಂಚಿನಿಂದ ಹೊರಬರುವ ಜಾಗದಲ್ಲಿ. ಅದನ್ನು ಮೇ ತಿಂಗಳಲ್ಲೇ ನೋಡಿ, ಜೂನ್ ಬಂದ ಮೇಲೆ ಹೆಂಚಿನ ಮೇಲೆ ಹತ್ತುವವರು ಸಿಗುವುದಿಲ್ಲ.

ಹಂಡೆಯೇ ತೂತಾದರೆ ಬೆಸುಗೆ ಹಾಕಿಸಬಹುದು. ತಳವೇ ಸವೆದು ತೆಳುವಾಗಿದ್ದರೆ ತೂಕಕ್ಕೆ ಹಾಕಬಹುದು, ತಾಮ್ರಕ್ಕೆ ಬೆಲೆ ಇದ್ದೇ ಇದೆ. ಆದರೆ ಹೊಸ ಬಾಯ್ಲರ್ ಕೂರಿಸಲು ಬಂದವರು 'ಹಳೇದನ್ನ ನಾವೇ ತೆಗೆದುಕೊಂಡು ಹೋಗ್ತೀವಿ' ಎಂದರೆ ಹೂಂ ಅನ್ನಬೇಡಿ. ಮೊದಲು ತೂಗಿಸಿ, ಪೇಟೆಯ ಎರಡು ಪಾತ್ರೆ ಅಂಗಡಿಗಳಲ್ಲಿ ದರ ಕೇಳಿ, ಆ ಮೊತ್ತವನ್ನು ಬಿಲ್‌ನಲ್ಲಿ ಕಳೆಯಿಸಿ. ಗೀಸರಿನ ಹಳೆಯ ಟ್ಯಾಂಕಿಗೆ ಗುಜರಿಯವನು ಕೊಡುವ ಬೆಲೆ ಇದರ ಹತ್ತಿರಕ್ಕೂ ಬರುವುದಿಲ್ಲ.

ಈಗ ತಿಂಗಳ ಖರ್ಚು. ಒಂದು ಯೂನಿಟ್ ಕರೆಂಟು ಸುಮಾರು 43 ಲೀಟರ್ ನೀರನ್ನು 20 ಡಿಗ್ರಿ ಹೆಚ್ಚು ಬಿಸಿ ಮಾಡಬಲ್ಲದು. ಅಂದರೆ ದೊಡ್ಡ ಬಕೆಟ್ ಎರಡು. ಐದು ಜನರ ಮನೆಗೆ ತಲಾ ಒಂದು ಬಕೆಟ್ ಎಂದರೂ ತಿಂಗಳಿಗೆ 70-75 ಯೂನಿಟ್. ಗೃಹಜ್ಯೋತಿ ಇದೆಯಲ್ಲ ಎನ್ನುವವರು ನೆನಪಿಡಿ: 2023ರಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಸೇರಿಸಿ ನಿಗದಿ ಮಾಡಿದ್ದಾರೆ. ಆಗ ಹಂಡೆಯಲ್ಲೇ ಮಿಂದು 60 ಯೂನಿಟ್ ಬಳಸುತ್ತಿದ್ದ ಮನೆಯವರು ಈಗ ಗೀಸರ್ ಹಾಕಿಸಿದರೆ, ಆ ಮಿತಿಯ ಮೇಲಿನ ಯೂನಿಟ್‌ಗಳಿಗೆಲ್ಲ ಮೆಸ್ಕಾಂಗೆ ದುಡ್ಡು ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಥರ್ಮೋಸ್ಟಾಟ್ ಅಂಟಿಕೊಂಡು ಕರೆಂಟು ಕಡಿಯದ ಗೀಸರ್ ಈ ಅಂಚನ್ನು ದಾಟಿಸುವುದು ಸುಲಭ. ಅದು ಅಪಾಯವೂ ಹೌದು. ಬಿಲ್ ಇದ್ದಕ್ಕಿದ್ದಂತೆ ಏರಿದರೆ ಅದನ್ನೂ ರಿಪೇರಿಯ ಸೂಚನೆ ಎಂದೇ ತಿಳಿಯಿರಿ.

ಸೋಲಾರ್ ಇದ್ದವರಿಗೆ ಒಂದೇ ಮಾತು. ಬೋರ್ ಮೋಟಾರ್ ಕೆಟ್ಟು ಟ್ಯಾಂಕ್ ಖಾಲಿಯಾಗಿದ್ದಾಗ ನಡುಮಧ್ಯಾಹ್ನ ತಣ್ಣೀರು ಬಿಡಬೇಡಿ, ಬಿಸಿಲಿಗೆ ಕಾದ ಗಾಜಿನ ಕೊಳವೆಗಳು ಒಡೆಯುತ್ತವೆ. ಸಂಜೆ ಆರಿದ ಮೇಲೆ ತುಂಬಿಸಿ. ಹೊಸದಾಗಿ ಹಾಕಿಸುವವರಿಗೆ, ಸೆಪ್ಟೆಂಬರ್ 2025ರಿಂದ ಸೋಲಾರ್ ವಾಟರ್ ಹೀಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಆದರೂ ನಮ್ಮ ಮಳೆಗಾಲದ ಮೋಡಕ್ಕೆ ಸೋಲಾರ್ ಒಂದೇ ಸಾಲದು, ಒಲೆ ಕೆಡವಬೇಡಿ.

ಕೊನೆಗೆ, ದುಡ್ಡು ಎಣಿಸುವ ಮುಂಚೆ ನಾಲ್ಕು ಕೆಲಸ ಮಾಡಿ. ಬದಲಿಸಿದ ಹಳೆಯ ಭಾಗವನ್ನು ಕೈಗೆ ತೆಗೆದುಕೊಳ್ಳಿ. ಭಾಗದ ಬೆಲೆ, ಕೂಲಿ ಬೇರೆಬೇರೆ ಬರೆದ ಬಿಲ್ ಕೇಳಿ. ಗ್ಯಾರಂಟಿ ಕಾರ್ಡ್ ತೆಗೆದು ನೋಡಿ. ಇಡೀ ಗೀಸರಿನ ವಾರಂಟಿ ಮುಗಿದಿದ್ದರೂ ಟ್ಯಾಂಕಿನದು ಎಷ್ಟೋ ಸಲ ಇನ್ನೂ ವರ್ಷಗಟ್ಟಲೆ ಬಾಕಿ ಇರುತ್ತದೆ. ವಾರಂಟಿ ಇದ್ದೂ ದುಡ್ಡು ಕೇಳಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇವಿಷ್ಟಕ್ಕೂ ಖರ್ಚು ಒಂದು ಪೈಸೆ ಇಲ್ಲ.