ಟೆಸ್ಟ್ ಸ್ಲಾಟ್ ರದ್ದಾದರೆ ಮೊದಲು ಎಲ್‌ಎಲ್ ದಿನಾಂಕ ನೋಡಿ

ಕಲಿಕಾ ಲೈಸೆನ್ಸ್ (ಎಲ್‌ಎಲ್) ಸಿಕ್ಕ ದಿನದಿಂದಲೇ ಎರಡು ಗಡುವು ಶುರುವಾಗುತ್ತವೆ. 30 ದಿನ ತುಂಬದೆ ಡ್ರೈವಿಂಗ್ ಟೆಸ್ಟ್‌ಗೆ ಹೋಗುವಂತಿಲ್ಲ. 6 ತಿಂಗಳು ದಾಟಿದರೆ ಎಲ್‌ಎಲ್ ನಡೆಯುವುದಿಲ್ಲ. ಮೋಟಾರು ವಾಹನ ಕಾಯ್ದೆ ಮತ್ತು ಅದರ ನಿಯಮಗಳ ಲೆಕ್ಕದಲ್ಲಿ ಅಭ್ಯರ್ಥಿಗೆ ಉಳಿಯುವುದು ಐದೇ ತಿಂಗಳು. ಆರ್‌ಟಿಒ ಮೈಸೂರು ಪಶ್ಚಿಮ (ಕೆಎ 09) ಆಗಲಿ ಪೂರ್ವ (ಕೆಎ 55) ಆಗಲಿ, ಕೊನೆಯ ವಾರಗಳವರೆಗೆ ಕಾದು ಸ್ಲಾಟ್ ಹಿಡಿದವರಿಗೆ ಆ ದಿನ ಟೆಸ್ಟ್ ನಡೆಯದೆ ಹೋದರೆ ಕಷ್ಟ. ದಸರೆಯ ಸಾಲು ರಜೆ ಅಡ್ಡ ಬಂದರಂತೂ ಇನ್ನೊಂದು ದಿನಾಂಕ ಸಿಗುವಷ್ಟರಲ್ಲಿ ಎಲ್‌ಎಲ್ ಅವಧಿಯೇ ಮುಗಿದಿರಬಹುದು. ಆಮೇಲೆ ಹೊಸ ಅರ್ಜಿ, ಹೊಸ ಶುಲ್ಕ, ಮತ್ತೆ 30 ದಿನ.

ತಪ್ಪು ಸರ್ಕಾರದ ಕಡೆಯದಾದರೆ? 2024ರ ಜನವರಿ 31ರಿಂದ ಫೆಬ್ರುವರಿ 12ರವರೆಗೆ ಲೈಸೆನ್ಸ್ ಅರ್ಜಿಗಳ ಸಾರಥಿ ಪೋರ್ಟಲ್ ಸರಿಯಾಗಿ ಕೆಲಸ ಮಾಡಲಿಲ್ಲ. ಜನವರಿ 31 ಮತ್ತು ಫೆಬ್ರುವರಿ 15ರ ನಡುವೆ ಅವಧಿ ಮುಗಿದ ಎಲ್‌ಎಲ್, ಡ್ರೈವಿಂಗ್ ಲೈಸೆನ್ಸ್ (ಡಿಎಲ್)ಗಳನ್ನು ಫೆಬ್ರುವರಿ 29ರವರೆಗೆ ಊರ್ಜಿತವೆಂದೇ ಪರಿಗಣಿಸಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ತಿಳಿಸಿತು. ಕೋವಿಡ್ ಕಾಲದಲ್ಲೂ ಇಂಥ ವಿನಾಯಿತಿ 2021ರ ಅಕ್ಟೋಬರ್ 31ರವರೆಗೆ ಮುಂದುವರಿದಿತ್ತು. ಆದ್ದರಿಂದ ಪೋರ್ಟಲ್ ಕೈಕೊಟ್ಟ ದಿನ ಪರದೆಯ ಫೋಟೊ ತೆಗೆದಿಟ್ಟುಕೊಳ್ಳುವುದು, ಅರ್ಜಿ ಸಂಖ್ಯೆ ಬರೆದು ಕಚೇರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು ಲೇಸು.

ಟೆಸ್ಟ್‌ಗೆ ಹೋದ ಎಷ್ಟೋ ಜನ ವಾಪಸಾಗುವುದು ಗಾಡಿಯ ಕಾಗದಪತ್ರದಿಂದ. ಎಂಟು ಹಾಕಲು ಸ್ಕೂಟರ್ ತಂದವರು ಚೆನ್ನಾಗಿಯೇ ಓಡಿಸುತ್ತಾರೆ, ಆದರೆ ಎಮಿಷನ್ ಸರ್ಟಿಫಿಕೇಟ್ ಅವಧಿ ಮುಗಿದಿರುತ್ತದೆ, ಇಲ್ಲವೇ ವಿಮೆ ನವೀಕರಿಸಿರುವುದಿಲ್ಲ. ಹಿಂದಿನ ರಾತ್ರಿಯೇ ಆರ್‌ಸಿ, ವಿಮೆ, ಎಮಿಷನ್ ಮೂರನ್ನೂ ತೆಗೆದು ನೋಡಬೇಕು. ಎಲ್ ಬೋರ್ಡ್, ಹೆಲ್ಮೆಟ್ ಮರೆಯಬಾರದು.

ಕೇಂದ್ರ ನಿಯಮದ ಶುಲ್ಕ ದೊಡ್ಡದಲ್ಲ: ಪ್ರತಿ ವರ್ಗದ ಎಲ್‌ಎಲ್‌ಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ಪ್ರತಿ ವರ್ಗದ ಡ್ರೈವಿಂಗ್ ಟೆಸ್ಟ್‌ಗೆ 300, ಡಿಎಲ್‌ಗೆ 200. ಇದರ ಮೇಲೆ ರಾಜ್ಯದ ಶುಲ್ಕ ಸೇರಬಹುದು. ಅದೂ ರಸೀದಿಯಲ್ಲಿ ಇರಲೇಬೇಕು. ರಸೀದಿಯಲ್ಲಿಲ್ಲದ ಹಣವನ್ನು ಯಾರೂ ಕೊಡಬೇಕಿಲ್ಲ.

ಫೇಲಾದವರು 7 ದಿನದ ಬಳಿಕ ಮತ್ತೆ 300 ರೂಪಾಯಿ ಕಟ್ಟಿ ಟೆಸ್ಟ್ ಕೊಡಬಹುದು. ಮೂರು ಸಲ ಫೇಲಾದರೆ ಮಾತ್ರ 60 ದಿನ ಕಾಯಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಂಥವರಿಗೆ ಡ್ರೈವಿಂಗ್ ಸ್ಕೂಲ್‌ನಲ್ಲಿ ಮರುತರಬೇತಿಯೂ ಕಡ್ಡಾಯ.

ಪಾಸಾದ ಮೇಲೂ ಲೈಸೆನ್ಸ್ ನಿಗದಿತ ಅವಧಿಯೊಳಗೆ ಬಾರದಿದ್ದರೆ ಸಕಾಲ ಕಾಯ್ದೆ ಇದೆ. ಅರ್ಜಿಗೆ ಸಿಗುವ ಜಿಎಸ್‌ಸಿ ಸಂಖ್ಯೆ ಹಿಡಿದು ಮೇಲ್ಮನವಿ ಸಲ್ಲಿಸಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಮೊತ್ತ ಚಿಕ್ಕದು ನಿಜ, ಆದರೆ ಅದು ಹೊಣೆಗಾರ ಅಧಿಕಾರಿಯ ಕೈಯಿಂದಲೇ ಹೋಗಬೇಕಾದ್ದರಿಂದ ಕಡತ ಅಲುಗಾಡುತ್ತದೆ.

ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಮಣಿದು ಕೊಟ್ಟವರು 7 ದಿನದೊಳಗೆ ದೂರು ದಾಖಲಿಸಿದರೆ ಅವರಿಗೆ ರಕ್ಷಣೆ ಸಿಗುತ್ತದೆ.