ಹಳೆ ಚೈನ್ ಸಾ ಕೊಳ್ಳುವ ಮೊದಲು



ಮಳೆಗಾಲದ ಗಾಳಿಗೆ ಗೇರು, ಹಲಸು, ರಬ್ಬರ್ ಮರಗಳು ಉರುಳುವುದು ನಮ್ಮ ಕಾಸರಗೋಡು, ಮಂಜೇಶ್ವರದ ಕಡೆ ಹೊಸತಲ್ಲ. ಕೊಡಲಿ ಹಿಡಿಯುವ ಆಳುಗಳು ಈಗ ಸಿಗುವುದು ಕಷ್ಟ. ಮರ ಕೊಯ್ಯುವ ಯಂತ್ರವಿದ್ದವರು ಹೇಳಿದ ದಿನಕ್ಕೆ ಬರುವುದಿಲ್ಲ. "ಗುಜರಿ ಅಂಗಡಿಯಲ್ಲಿ ಹಳೆ ಚೈನ್ ಸಾ ಒಂದು ಅಗ್ಗಕ್ಕೆ ಸಿಗುತ್ತದೆ, ರಿಪೇರಿ ಮಾಡಿಸಿಕೊಂಡರೆ ಆಗದೇ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಈ ಸಲ ಅದನ್ನೇ ವಿಚಾರ ಮಾಡೋಣ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೂ ಇಂಥದ್ದೊಂದು ಯಂತ್ರ ಬಂತು. ಹಗ್ಗ ಎಳೆದಾಗ ಸ್ಟಾರ್ಟ್ ಆಯಿತು, ಅಷ್ಟು ನೋಡಿ ಹಣ ಕೊಟ್ಟೆವು. ಹೊಸ ಚೈನ್ ಹಾಕಿಸಿದೆವು, ಕಾರ್ಬುರೇಟರ್ ಸರಿಮಾಡಿಸಿದೆವು. ಎರಡನೇ ಹಲಸಿನ ಮರ ಮುಗಿಯುವ ಮೊದಲೇ ಎಂಜಿನ್ ಬಿಗಿದು ನಿಂತಿತು. ಬಿಚ್ಚಿದರೆ ಪಿಸ್ಟನ್ ಮೇಲೆ ಹಳೆಯ ಗೀರುಗಳು! ಸ್ಟಾರ್ಟ್ ಆಗುವ ಯಂತ್ರವೆಲ್ಲ ಒಳ್ಳೆಯ ಯಂತ್ರವಲ್ಲ ಎಂದು ಅಂದು ಕಲಿತೆವು.

1. ಮೊದಲು ಬ್ರೇಕ್ ನೋಡಿ

ಚೈನ್ ಓಡುವಾಗ ಬಾರಿನ ತುದಿಯ ಮೇಲ್ಭಾಗ ಯಾವುದಾದರೂ ಕೊಂಬೆಗೆ ತಗುಲಿದರೆ, ಯಂತ್ರ ಥಟ್ಟನೆ ಮೇಲಕ್ಕೆದ್ದು ಹಿಡಿದವರ ಮುಖದತ್ತ ಹಿಂದಕ್ಕೆ ಒದೆಯುತ್ತದೆ. ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗುವುದಿಲ್ಲ. ಆ ಕ್ಷಣದಲ್ಲಿ ಚೈನನ್ನು ನಿಲ್ಲಿಸಲೆಂದೇ ಮುಂಗೈಯ ಎದುರಿಗೆ ಒಂದು ಗಾರ್ಡ್ ಇರುತ್ತದೆ. ಇಂತಹ ಚೈನ್ ಬ್ರೇಕ್ ಬಂದದ್ದು 1970ರ ದಶಕದ ಆರಂಭದಲ್ಲಿ. ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಅದಿಲ್ಲ. ಆಮೇಲಿನವುಗಳಲ್ಲೂ ಕೆಲವೊಮ್ಮೆ ಮುರಿದಿರುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಪೂರ್ತಿ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ವಯರ್ ತೆಗೆದಿಡಿ. ಗಾರ್ಡನ್ನು ಮುಂದಕ್ಕೆ ದೂಡಿ, ದಪ್ಪ ಕೈಚೀಲ ತೊಟ್ಟು ಚೈನ್ ಎಳೆಯಿರಿ. ಅದು ಕದಲಬಾರದು. ಗಾರ್ಡನ್ನು ಹಿಂದಕ್ಕೆ ಎಳೆದರೆ ಸಲೀಸಾಗಿ ಸರಿಯಬೇಕು. ಬ್ರೇಕ್ ಇಲ್ಲದಿದ್ದರೆ, ಅಥವಾ ಸರಿಮಾಡಲಾಗದಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ. ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ.

2. ಆಮೇಲೆ ಎಂಜಿನ್

ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಗ್ಗದ ಹಿಡಿಯನ್ನು ಹಿಡಿದು ಯಂತ್ರವನ್ನು ಎತ್ತಿ ತೂಗಾಡಿಸಿ. ಒಳಗಿನ ಒತ್ತಡ ಚೆನ್ನಾಗಿದ್ದರೆ ಅದು ತಡೆದು ತಡೆದು ನಿಧಾನವಾಗಿ ಇಳಿಯುತ್ತದೆ. ಸರ್ರನೆ ಜಾರಿದರೆ ಪಿಸ್ಟನ್ನೋ ರಿಂಗೋ ಸವೆದಿದೆ ಎಂದರ್ಥ. ಸೈಲೆನ್ಸರ್ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡಿ. ಪಿಸ್ಟನ್ ನುಣುಪಾಗಿ ಹೊಳೆಯಬೇಕು. ಉದ್ದುದ್ದ ಗೀರುಗಳಿದ್ದರೆ ಎಣ್ಣೆ ಕಡಿಮೆ ಹಾಕಿ ಓಡಿಸಿದ್ದಾರೆ. ಫ್ಲೈವೀಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಸಡಿಲ ಅನಿಸಿದರೆ ಬೇರಿಂಗ್ ಹೋಗಿದೆ.

ರಬ್ಬರ್ ಪೈಪು, ಕಾರ್ಬುರೇಟರಿನ ಡಯಾಫ್ರಂ, ಪ್ಲಗ್, ಚೈನ್, ಬಾರ್ ಇವೆಲ್ಲ ಬದಲಾಯಿಸಬಹುದಾದ ಭಾಗಗಳು. ಇವು ಕೆಟ್ಟಿದ್ದರೆ ಹೆದರಬೇಕಾಗಿಲ್ಲ. ಆದರೆ ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆಯುವುದರಿಂದ ಹಳೆಯ ರಬ್ಬರ್ ಭಾಗಗಳು ಬೇಗ ಹಾಳಾಗುತ್ತವೆ ಎಂಬುದು ನೆನಪಿರಲಿ. ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಬೇಡಿ.

3. ಕೊನೆಗೆ ಲೆಕ್ಕ

ಕೇಳಿದ ಬೆಲೆ, ಬಿಡಿಭಾಗದ ಬೆಲೆ, ಮೆಕ್ಯಾನಿಕನ ಕೂಲಿ, ಮೂರನ್ನೂ ಕಾಗದದಲ್ಲಿ ಬರೆದು ಕೂಡಿಸಿ. ಅದು ಅದೇ ಗಾತ್ರದ ಹೊಸ ಯಂತ್ರದ ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡುವುದು ನಮ್ಮ ಅಳತೆ. ಹಣ ಕೊಡುವ ಮೊದಲೇ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ, ಕಾಸರಗೋಡು ಅಥವಾ ಮಂಗಳೂರಿನ ಅಂಗಡಿಯಲ್ಲಿ ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸಿ. ವರ್ಷಕ್ಕೆ ಎರಡು ಮೂರು ದಿನದ ಕೆಲಸವಷ್ಟೇ ಇರುವ ತೋಟಕ್ಕೆ ಕೂಲಿಗೆ ಕರೆಸುವುದೇ ಲಾಭ. ಇಲ್ಲವೇ ನಾಲ್ಕು ಮನೆಯವರು ಸೇರಿ ಒಂದು ಹೊಸತನ್ನು ಕೊಳ್ಳಬಹುದು.

ಆರೋಗ್ಯದ ಮಾತು

ಚೈನ್ ಸಾದ ಸದ್ದು 100 ಡೆಸಿಬೆಲ್ ದಾಟುತ್ತದೆ. ಕಿವಿಗೆ ರಕ್ಷಣೆಯಿಲ್ಲದೆ ದುಡಿದರೆ ಮೆಲ್ಲನೆ ಕಿವುಡು ಬರುತ್ತದೆ, ಹೋದ ಕೇಳುವ ಶಕ್ತಿ ಮರಳುವುದಿಲ್ಲ. ಹಳೆ ಯಂತ್ರಗಳ ರಬ್ಬರ್ ಬುಷ್ ಸವೆದಿದ್ದರೆ ನಡುಕವೆಲ್ಲ ಕೈಗೇ ಬರುತ್ತದೆ. ಬಹುಕಾಲ ಹೀಗೇ ದುಡಿದವರ ಬೆರಳುಗಳು ಬಿಳಚಿಕೊಂಡು ಮರಗಟ್ಟುತ್ತವೆ. ಕನ್ನಡಕ, ಗಟ್ಟಿ ಬೂಟು, ಹೆಲ್ಮೆಟ್, ಕಾಲಿಗೆ ರಕ್ಷಾಕವಚ ಬೇಕೇ ಬೇಕು. ಲುಂಗಿ ಉಟ್ಟು, ಚಪ್ಪಲಿ ಮೆಟ್ಟಿ ಈ ಯಂತ್ರ ಹಿಡಿಯಬಾರದು. ಒಬ್ಬರೇ ತೋಟದಲ್ಲಿ ಕೊಯ್ಯಬಾರದು. ಕರೆದರೆ ಕೇಳುವಷ್ಟು ಹತ್ತಿರ ಇನ್ನೊಬ್ಬರಿರಲಿ.

ನಮ್ಮನ್ನು ಕೇಳಿದ ಓದುಗರು ತಂದೆಯವರನ್ನು ಕರೆದುಕೊಂಡು ಹೋಗಿ ಯಂತ್ರ ನೋಡಿ ಬಂದರು. ಎಂಜಿನ್ ಒಳ್ಳೆಯದೇ ಇತ್ತಂತೆ. ಆದರೆ ಗಾರ್ಡ್ ದೂಡಿದರೂ ಚೈನ್ ನಿಲ್ಲಲಿಲ್ಲ, ಆ ಮಾಡೆಲಿನ ಬ್ರೇಕ್ ಎಲ್ಲೂ ಸಿಗಲಿಲ್ಲ. "ಮಗನೇ, ಮರ ಇನ್ನೊಂದು ವಾರ ಬಿದ್ದಿರಲಿ" ಎಂದು ತಂದೆ ಹೇಳಿದರಂತೆ. ಅವರು ಹೇಳಿದ್ದು ಸರಿ ಎಂದೇ ನಮ್ಮ ಅಭಿಪ್ರಾಯ.