ಹೇಮಕೂಟದಲ್ಲಿ ಹಾಳಾದ ಗೋಪುರ

ಜಲವರ್ಣದ ಪೆಟ್ಟಿಗೆ ಹೊತ್ತು ಊರೂರು ಸುತ್ತುವ ಹವ್ಯಾಸಿಗಳಿಗೆ ಒಂದು ಮಾತು: ಕಾಗದ, ಬ್ರಶ್ ಆರಿಸುವ ಮೊದಲು ಜೊತೆಗೆ ಬರುವವರನ್ನು ಆರಿಸಿ. ನನ್ನ ಹಂಪಿಯ ಚಿತ್ರ ಹಾಳಾದದ್ದು ಭಾವನ ಅವಸರದಿಂದ.

ಏಪ್ರಿಲ್ ಸಂಜೆ. ಹೇಮಕೂಟದ ಬಂಡೆಯ ಮೇಲೆ ಕೂತಿದ್ದೆ. ಕೆಳಗೆ ವಿರೂಪಾಕ್ಷನ ಒಂಬತ್ತು ನೆಲೆಯ ಗೋಪುರ, ಸುಮಾರು 50 ಮೀಟರ್ ಎತ್ತರದ್ದು. ಅಲ್ಲಿಯ ಒಣ ಗಾಳಿಗೆ ಆಕಾಶದ ವಾಶ್ ಅರ್ಧ ಎಳೆಯುವಷ್ಟರಲ್ಲೇ ಅಂಚು ಕಟ್ಟಿಬಿಡುತ್ತದೆ. ಅದಕ್ಕೇ 300 ಜಿಎಸ್‌ಎಂ ಹತ್ತಿ ಕಾಗದದ ಪುಸ್ತಕ ಒಯ್ದಿದ್ದೆ. ಅದು ನೀರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಪುಸ್ತಕ ಓರೆ ಮಾಡಿ, ದಪ್ಪ ಬ್ರಶ್ಶಿನಲ್ಲಿ ಬಣ್ಣ ತುಂಬಿಕೊಂಡು, ಕೆಳಗಂಚಿನ ಹನಿ ಆರದಂತೆ ಎಳೆದುಕೊಂಡು ಬಂದೆ. ಆಕಾಶ ಕಲೆಯಿಲ್ಲದೆ ಕೂತಿತು. ಬಂಡೆಗಳಿಗೆ ಟ್ಯೂಬಿನ ಕಂದು ಹಚ್ಚಲೇಬಾರದು. ಬರ್ನ್ಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಬೆರೆಸಿ. ಆ ಬೂದು ಕಾಗದದ ತಗ್ಗುಗಳಲ್ಲಿ ಕಣಕಣವಾಗಿ ಇಳಿದು ಗ್ರಾನೈಟಿನ ಮೈಯೇ ಬರುತ್ತದೆ. ನೆರಳಿನ ಗಡಿಯನ್ನು ಕೂತ ಕೂಡಲೇ ಪೆನ್ಸಿಲಿನಲ್ಲಿ ಗುರುತಿಸಿದ್ದೆ. ಬಿಸಿಲು ಸರಿದಂತೆಲ್ಲ ಅದನ್ನು ತಿದ್ದುತ್ತ ಹೋದರೆ ಚಿತ್ರ ಮುಗಿಯುವುದಿಲ್ಲ.

ಕೊನೆಗೆ ಗೋಪುರದ ಬಲಮೈಗೆ ನೆರಳು ಎಳೆದೆ. ಮೇಲಿನಿಂದ ಕೆಳಕ್ಕೆ ಒಂದೇ ಬೀಸು. ಬುಡದಲ್ಲಿ ನೀರು ಇನ್ನೂ ಮಿನುಗುತ್ತಿತ್ತು. ಬ್ರಶ್ ತೊಳೆಯಲು ಡಬ್ಬಿಯ ಕಡೆ ತಿರುಗಿದೆ, ಅಷ್ಟೇ.

“ಆಯ್ತಲ್ಲ, ಏಳು, ಆಟೋದವನು ಕಾಯ್ತಿದಾನೆ” ಎನ್ನುತ್ತ ಭಾವ ಪುಸ್ತಕ ಎತ್ತಿ ಪಟ್ಟನೆ ಮುಚ್ಚಿದ. ಮುಚ್ಚಿ ಕಂಕುಳಲ್ಲಿ ಒತ್ತಿಕೊಂಡ. ಕಿತ್ತುಕೊಂಡು ಬಿಚ್ಚಿದರೆ, ನೆರಳು ಎದುರು ಪುಟಕ್ಕೆ ಅಂಟಿ, ಬೆಳಿಗ್ಗೆ ಬರೆದ ತುಂಗಭದ್ರೆಯ ಹರಿಗೋಲಿನ ಮೇಲೆಲ್ಲ ಹರಡಿತ್ತು. ಗೋಪುರದ ತುದಿಯಲ್ಲಿ ಜೋಪಾನವಾಗಿ ಉಳಿಸಿದ್ದ ಬಿಳಿ ಮಾಯವಾಗಿತ್ತು. ಜಲವರ್ಣದಲ್ಲಿ ಬಿಳಿಯೆಂದರೆ ಖಾಲಿ ಕಾಗದ, ಹೋದರೆ ಹೋಯಿತು. ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಲು ನೋಡಿದೆ, ನೀಲಿ ಕಾಗದಕ್ಕೆ ಹಿಡಿದಾಗಿತ್ತು. ನನ್ನ ಕೈ ನಡುಗುತ್ತಿತ್ತು. “ಇನ್ನೊಂದು ಬರೆದರಾಯ್ತು” ಅಂದ ಭಾವ. ಹೊಸಪೇಟೆ ನಿಲ್ದಾಣ ಸೇರಿದಾಗ ನಮ್ಮ ಗಾಡಿಗೆ ಇನ್ನೂ ಎಷ್ಟೋ ಹೊತ್ತಿತ್ತು. ಆ ಬೆಂಚಿನ ಮೇಲೆ ಕಳೆದ ಹೊತ್ತನ್ನು ಬಂಡೆಯ ಮೇಲೆ ಕಳೆದಿದ್ದರೆ ನನ್ನ ಗೋಪುರ ಉಳಿಯುತ್ತಿತ್ತು.

ಈಗ ಪ್ರಯಾಣಕ್ಕೆ ಪುಸ್ತಕ ಒಯ್ಯುವುದಿಲ್ಲ. ತೆಳು ಪ್ಲೈವುಡ್ಡಿಗೆ ಬಿಡಿ ಹಾಳೆ, ನಾಲ್ಕು ಮೂಲೆಗೆ ಕ್ಲಿಪ್ಪು. ಆರಿತೋ ಇಲ್ಲವೋ ಎಂದು ಬೆರಳ ತುದಿ ಇಡಬೇಡಿ, ಜಿಡ್ಡು ಹತ್ತುತ್ತದೆ. ಕೈಯ ಹಿಂಬದಿ ಹಗುರಾಗಿ ತಾಕಿಸಿ, ತಣ್ಣಗಿದ್ದರೆ ಇನ್ನೂ ಹಸಿ. ಹಂಪಿಗೆ ಮತ್ತೆ ಹೋಗುತ್ತೇನೆ, ಭಾವನನ್ನು ಕರೆಯುವುದಿಲ್ಲ.